ಹೊಳೆ ದಾಟಿದ ಬೆಕ್ಕುಗಳು

ಅಘನಾಶಿನಿ ಊರಿನ ಜನರಿಗೆ ಬೆಕ್ಕಿನ ವಿಷಯದಲ್ಲಿ ಒಂದು ನಂಬಿಕೆಯಿದೆ. ನೀರು ದಾಟಿಸಿಬಿಟ್ಟರೆ ಬೆಕ್ಕಿಗೆ ಮನೆ ಮರೆತುಹೋಗುತ್ತದಂತೆ. ನೆಲದ ಮೇಲೆ ಎಷ್ಟು ದೂರ ಬಿಟ್ಟುಬಂದರೂ ಮೂಸಿಕೊಂಡು ತಿರುಗಿ ಬಂದೀತು, ಹೊಳೆಯ ಆಚೆ ಬಿಟ್ಟರೆ ಮುಗಿಯಿತು, ಅದರ ಪಾಲಿಗೆ ಈಚೆ ದಡವೇ ಇಲ್ಲ. ಇದನ್ನು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಯಾರೇ ಆಗಲಿ, ಮರಿ ಬಿಡುವವರ ಮನಸ್ಸಿಗೆ ಹಿತವಾಗಲೆಂದು ಹೇಳಿದ ಮಾತು ಅದು. ಬೆಕ್ಕನ್ನು ಕೇಳಿ ಹೇಳಿದ್ದಂತೂ ಅಲ್ಲ.

ಈ ನಂಬಿಕೆಯ ಭಾರವೆಲ್ಲ ಬಿದ್ದದ್ದು ದೇವಪ್ಪನ ಮೇಲೆ. ಅಘನಾಶಿನಿಯಿಂದ ಎದುರಿನ ತದಡಿ ಬಂದರಕ್ಕೆ ಜನರನ್ನು ದಾಟಿಸುವ ಮೋಟಾರು ದೋಣಿ ಅವನದು. ಶಾಲೆಯ ಮಕ್ಕಳು, ಮೀನು ಬುಟ್ಟಿಯ ಹೆಂಗಸರು, ಗೋಕರ್ಣಕ್ಕೆ ಹೋಗುವವರ ಬೈಕುಗಳು, ಇವೆಲ್ಲದರ ಜೊತೆಗೆ ಆಗಾಗ ಬಾಯಿ ಕಟ್ಟಿದ ಒಂದು ಚೀಲ. ಕೊಡುವವರು ಮುಖ ಆಚೆ ತಿರುಗಿಸಿ ಕೊಡುತ್ತಿದ್ದರು. ಚೀಲ ಮಿಯಾಂವ್ ಎನ್ನುತ್ತಿತ್ತು. ದೇವಪ್ಪ ಏನೂ ಕೇಳದೆ ಅದನ್ನು ಕಾಲ ಬುಡದಲ್ಲಿಟ್ಟುಕೊಂಡು ಮೋಟಾರು ಶುರು ಮಾಡುತ್ತಿದ್ದ. ಊರಿಗೆಲ್ಲ ಹೆಚ್ಚು ಮರಿ ಹಾಕುವ ಬೆಕ್ಕು ಅವನ ಮನೆಯಲ್ಲೇ ಇತ್ತೆಂಬುದು ಬೇರೆ ಮಾತು.

ಆ ಬೆಕ್ಕಿನ ಹೆಸರು ಬಂಗಡೆ. ಬೂದು ಮೈಮೇಲೆ ಬಂಗಡೆ ಮೀನಿನ ಬೆನ್ನಿನಲ್ಲಿರುವಂಥದೇ ಕಪ್ಪು ಗೆರೆಗಳಿದ್ದವೆಂದು ದೇವಪ್ಪನ ಹೆಂಡತಿ ಮಾದೇವಿ ಇಟ್ಟ ಹೆಸರು ಅದು. ಮಾದೇವಿ ಇಳಿತದ ಹೊತ್ತಿಗೆ ಹೊಳೆಗಿಳಿದು ಬೆಳಚು ಎಂಬ ಚಿಪ್ಪುಮೀನು ಹೆಕ್ಕುವವಳು. ಅವಳು ಸೊಂಟಮಟ್ಟದ ನೀರಿನಲ್ಲಿ ಕಾಲಿನಿಂದ ಕೆಸರು ತಡಕುತ್ತಿರುವಷ್ಟು ಹೊತ್ತೂ ಬಂಗಡೆ ದಡದ ಕಲ್ಲಿನ ಮೇಲೆ ಕೂತು ಕಾಯುತ್ತಿತ್ತು. ಅವಳು ಬುಟ್ಟಿ ಹೊತ್ತು ಮೇಲೆ ಬಂದೊಡನೆ ಬಾಲ ನೆಟ್ಟಗೆ ಮಾಡಿ ಮುಂದೆ ನಡೆಯುತ್ತಿತ್ತು, ಮನೆಯ ದಾರಿ ತನಗೊಬ್ಬಳಿಗೇ ಗೊತ್ತು ಎನ್ನುವ ಗತ್ತಿನಲ್ಲಿ. ಮೈಯೆಲ್ಲ ನೀರಾಗಿ, ಬೆನ್ನು ಹಿಡಿದುಕೊಂಡು ನಡೆಯುವ ಹೆಂಗಸಿಗೆ ಆ ಎತ್ತಿದ ಬಾಲ ಎಷ್ಟು ದೊಡ್ಡ ಆಸರೆ ಎಂಬುದನ್ನು ಬೇರೆಯವರಿಗೆ ಹೇಳಿದರೆ ನಗುತ್ತಾರೆ. ಅದಕ್ಕೇ ಅವಳು ಯಾರಿಗೂ ಹೇಳಿರಲಿಲ್ಲ.

ಬಂಗಡೆ ಮರಿ ಹಾಕುವುದು, ಮರಿಗಳು ಹಾಲು ಬಿಟ್ಟು ಮೀನು ನೆಕ್ಕಲು ಕಲಿಯುವುದು, ದೇವಪ್ಪ ಚೀಲ ತರುವುದು ವರ್ಷವರ್ಷದ ಕತೆಯಾಗಿತ್ತು. ಆ ದಿನ ಮಾದೇವಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಕುಕ್ಕುತ್ತಿದ್ದಳು. ಗಂಡನ ತಾಟಿಗೆ ಅನ್ನ ಬಡಿಸುವಾಗ ಕೈಯಲ್ಲಿ ಸಿಟ್ಟು ಕಾಣುತ್ತಿತ್ತು. ತದಡಿಯ ದಡಕ್ಕೆ ತಾನು ಕಾಲಿಡಬಾರದೆಂದು ಅವಳೇ ಒಂದು ಗೆರೆ ಹಾಕಿಕೊಂಡಿದ್ದಳು. ದೋಣಿಯವನ ಹೆಂಡತಿಯಾದರೂ ಸೂಜಿ ದಾರ ಬೇಕಾದರೂ ಬಸ್ಸು ಹತ್ತಿ ಕುಮಟೆಗೇ ಹೋಗುತ್ತಿದ್ದಳು.

ಈ ಸಲದ ಮರಿಗಳನ್ನು ಬಿಟ್ಟುಬಂದ ದಿನ ದೇವಪ್ಪ ಕಾಲು ತೊಳೆದು ಜಗಲಿಯಲ್ಲಿ ಕೂತವನು, "ಇನ್ನೊಂದು ಸಲ ಮರಿ ಹಾಕ್ತು ಅಂದ್ರೆ ಮರಿ ಸಂಗ್ತಿಗೆ ತಾಯಿನೂ ಆಚಿಗೆ ಬಿಡೂದೆ. ನನ್ನ ಕೈಲಿ ಇನ್ನು ಆಗುದಿಲ್ಲ" ಎಂದ.

ದೇವಪ್ಪ ಮಾತು ಕಡಿಮೆಯ ಮನುಷ್ಯ. ಆಡಿದ್ದನ್ನು ಮಾಡುವವನು. ಮಾದೇವಿ ಬಂಗಡೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಅದೇ ವಾರ ರಂಜಿತಾ ಬಂದಳು. ಮನೆಮನೆಗೆ ಹೋಗಿ ದನಕರುಗಳ ಲಸಿಕೆಯ ವಿಚಾರ ಹೇಳುವ ಪಶುಸಖಿ ಅವಳು, ಇದೇ ಕೇರಿಯ ಹುಡುಗಿ. ಮಾದೇವಿಯ ಮಡಿಲಲ್ಲಿದ್ದ ಬಂಗಡೆಯ ಕಿವಿ ಹಿಂಡಿ, "ಮಾದೇವಕ್ಕ, ಇದ್ಕೊಂದು ಆಪರೇಶನ್ ಮಾಡ್ಸೇ. ಪಶು ಇಲಾಖೆದು ಶಿಬಿರ ಅದೆ. ಡಾಕ್ಟರು, ಮದ್ದು ಎಲ್ಲಾ ಸರ್ಕಾರದ್ದು. ಚೀಟಿಗೆ ಚಿಲ್ಲರೆ ಕೊಟ್ರೆ ಆತು. ಮತ್ತೆ ಮರಿ ಅಂತಿಲ್ಲ, ಚೀಲ ಅಂತಿಲ್ಲ" ಎಂದಳು.

"ಎಲ್ಲಿ ಶಿಬಿರ?"

"ತದಡಿಲಿ. ಬಂದರದ ಬಾಜೂ ಸಮುದಾಯ ಭವನದಲ್ಲಿ."

ಮಾದೇವಿ ಬೆಕ್ಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಹೊಳೆ ದಾಟಿಸಬಾರದೆಂದರೆ ಹೊಳೆ ದಾಟಿಸಲೇಬೇಕು, ಇದೆಂಥ ಪೇಚು. "ನೀರು ದಾಟಿರೆ ಅದ್ಕೆ ಮನೆ ಮರ್ತುಹೋಗ್ತದಲ್ಲೆ?"

"ನೀ ಹೊತ್ಕಂಡೇ ತಿರ್ಗಿ ಬತ್ತೆ. ಅದ್ಕೆ ದಾರಿ ನೆನಪು ಎಂತಕ್ಕೆ?"

"ದಾರಿ ಅಲ್ಲ ಮಾರಾಯ್ತಿ. ನಾ ಯಾರು ಹೇಳೂದೇ ಮರ್ತ್ರೆ?"

ರಂಜಿತಾ ನಕ್ಕಳು. ಹಿಂದಿನ ರಾತ್ರಿಯಿಂದ ಬೆಕ್ಕಿಗೆ ಏನೂ ತಿನ್ನಲು ಕೊಡಬಾರದು ಎಂದಷ್ಟೇ ಹೇಳಿ ಹೋದಳು.

ಶಿಬಿರದ ಮುನ್ನಾದಿನ ಆ ಮನೆಯಲ್ಲಿ ಬೆಕ್ಕಿಗೂ ಉಪವಾಸ, ಅದರ ಕೂಗು ಕೇಳಲಾರದೆ ಮಾದೇವಿಗೂ ಅರೆ ಉಪವಾಸ. ಬೆಳಿಗ್ಗೆ ಬೆಳಚಿನ ಬುಟ್ಟಿಯಲ್ಲಿ ಬಂಗಡೆಯನ್ನು ಕೂರಿಸಿ, ಮೇಲೆ ಹಳೆಯ ಬಲೆಯ ತುಂಡು ಬಿಗಿದು, ಅವಳು ದೋಣಿಯ ಹತ್ತಿರ ಹೋದಳು. ದೇವಪ್ಪ ಹೆಂಡತಿಯನ್ನೂ ಬುಟ್ಟಿಯನ್ನೂ ನೋಡಿ ಯಾಕೋ ಕಸಿವಿಸಿಗೊಂಡ.

"ನೀ ಎಂತಕ್ಕೆ ಬತ್ತೆ? ನಂಗೆ ಕೊಡು. ನಾ ಮಾಡ್ಸ್ಕಂಡು ಬತ್ತೆ."

ಮಾದೇವಿಗೆ ಅಲ್ಲಿಗೆ ಎಲ್ಲವೂ ಸ್ಪಷ್ಟವಾಯಿತು. ಇವನ ಕೈಗೆ ಕೊಟ್ಟರೆ ಆಪರೇಶನ್ನೂ ಇಲ್ಲ, ಎಂತದೂ ಇಲ್ಲ. ಸಂಜೆ ಖಾಲಿ ಬುಟ್ಟಿ ತಂದು, ಬಲೆ ಹರಿದು ಓಡಿಹೋಯಿತು ಎನ್ನುತ್ತಾನೆ. "ನಾನೂ ಬತ್ತೆ" ಎಂದವಳೇ ಸೀರೆ ಎತ್ತಿ ದೋಣಿ ಹತ್ತಿ, ಬುಟ್ಟಿಯನ್ನು ಎರಡು ಕೈಯಲ್ಲೂ ತಬ್ಬಿ ಕೂತಳು. ಅವನು ಮೋಟಾರು ಶುರು ಮಾಡಿದ.

ಹೊಳೆಯ ನಡುವೆ ಬಂಗಡೆ ಕೂಗುವುದನ್ನೂ ನಿಲ್ಲಿಸಿತು. ತದಡಿ ಹತ್ತಿರಾಯಿತು. ಸಾಲಾಗಿ ಕಟ್ಟಿದ ಬೋಟುಗಳು, ಮಂಜುಗಡ್ಡೆ ಒಡೆಯುವ ಸದ್ದು, ಮೀನು ಹರಾಜಿನ ಶೆಡ್ಡು. ದೇವಪ್ಪ ಮೋಟಾರಿನ ವೇಗ ಇಳಿಸಿದ. ಅಷ್ಟರಲ್ಲಿ ಜೆಟ್ಟಿಯ ಅಂಚಿನಲ್ಲಿ ಮಲಗಿದ್ದ ಒಂದು ಬೆಕ್ಕು ಎದ್ದು ಕೂತಿತು.

ಬೂದು ಮೈ, ಕಪ್ಪು ಗೆರೆ. ಮಾದೇವಿ ಬುಟ್ಟಿಯೊಳಗೆ ನೋಡಿಕೊಂಡಳು. ಬಂಗಡೆ ಅಲ್ಲೇ ಇತ್ತು.

ಬಲೆಯ ರಾಶಿಯ ಮೇಲಿನಿಂದ ಇನ್ನೊಂದು ಇಳಿಯಿತು. ಮಂಜುಗಡ್ಡೆಯ ಪೆಟ್ಟಿಗೆಗಳ ಸಂದಿಯಿಂದ ಎರಡು ಬಂದವು. ನಿಂತ ಲಾರಿಯ ಅಡಿಯಿಂದ, ಶೆಡ್ಡಿನ ತಗಡಿನ ಮೇಲಿನಿಂದ, ಮಗುಚಿ ಹಾಕಿದ ದೋಣಿಯ ನೆರಳಿನಿಂದ ಒಂದರ ಹಿಂದೊಂದು ಬರುತ್ತಲೇ ಇದ್ದವು. ಒಂದಕ್ಕೆ ಕಾಲು ಬಿಳಿ, ಒಂದಕ್ಕೆ ಬಾಲ ಮೊಂಡು, ಒಂದಕ್ಕೆ ಕಣ್ಣು ಒಂದೇ. ಗೆರೆ ಮಾತ್ರ ಹೆಚ್ಚಿನವಕ್ಕೆಲ್ಲ ಅದೇ. ಬೇರೆ ಯಾವ ಬೋಟು ಬಂದರೂ ತಲೆಯೆತ್ತದ ಆ ಬೆಕ್ಕುಗಳು ಈ ದೋಣಿಯ ಸದ್ದಿಗೆ ಬಂದು ಜೆಟ್ಟಿಯ ಉದ್ದಕ್ಕೂ ಸಾಲು ಕೂತು, ಕೂಗದೆ, ಕಚ್ಚಾಡದೆ, ಹೊಳೆಯ ಕಡೆ ನೋಡತೊಡಗಿದವು. ಮಾದೇವಿಯ ಮೈಯ ಕೂದಲು ನೆಟ್ಟಗಾದವು. ತಾನು ಪಾತ್ರೆ ಕುಕ್ಕಿ ಕಳಿಸಿದ್ದು, ಕಳಿಸಿ ಮರೆಯಲು ನೋಡಿದ್ದು, ಎಲ್ಲವೂ ಬೆಳೆದು, ಮಕ್ಕಳು ಮೊಮ್ಮಕ್ಕಳಾಗಿ ಎದುರಿಗೆ ಕೂತಿತ್ತು.

"ದೇವಪ್ಪಣ್ಣನ ಸಂಸಾರ ಬಂತು ಕಾಣಿ" ಎಂದು ಯಾರೋ ಬೋಟಿನ ಮೇಲಿನಿಂದ ನಕ್ಕರು.

ದೇವಪ್ಪ ಹೆಂಡತಿಯ ಕಡೆ ನೋಡಲಿಲ್ಲ. ಹಲಗೆಯ ಅಡಿಯಿಂದ ಒಂದು ಡಬ್ಬಿ ತೆಗೆದು ಅದರಲ್ಲಿದ್ದ ಮೀನಿನ ತಲೆ, ಬಾಲಗಳನ್ನು ಜೆಟ್ಟಿಗೆ ಎಸೆದ. ಎಸೆದ ರೀತಿಯಲ್ಲೇ ಗೊತ್ತಾಗುತ್ತಿತ್ತು, ಇದು ದಿನದ ಕೆಲಸ. ಕುಂಟುವ ಮುದಿ ಬೆಕ್ಕೊಂದರ ಪಾಲನ್ನು ಬೇರೆಯಾಗಿ, ಅದರ ಬಾಯಿಯ ಹತ್ತಿರವೇ ಇಟ್ಟ.

"ನೀರು ದಾಟಿರೆ ಮರೀತವೆ ಅಂತಿದ್ರಲ್ಲ" ಎಂದಳು ಮಾದೇವಿ.

"ಒಂದೂ ಮರಿಲಿಲ್ಲ." ದೇವಪ್ಪ ಹಗ್ಗ ಕಟ್ಟುತ್ತ ಹೇಳಿದ. "ನಾ ದೋಣಿ ತಿರುಗ್ಸಿ ಹೋಗೂ ಹೊತ್ತಿಗೆ ಹಿಂಗೇ ಕೂತ್ಕಂಡು ನೋಡ್ತವೆ. ದಿನಾ. ಅದ್ಕೇ ಹೇಳ್ದೆ, ನನ್ನ ಕೈಲಿ ಆಗುದಿಲ್ಲ ಹೇಳಿ. ತಾಯಿನಾದ್ರೂ ಅವ್ರ ಸಂಗ್ತಿಗೆ ಇರ್ಲಿ ಅಂದ್ಕಂಡೆ."

ಮಾದೇವಿ ಬುಟ್ಟಿಯನ್ನು ಜೆಟ್ಟಿಯ ಮೇಲಿಟ್ಟಳು. ಮಕ್ಕಳು ಹತ್ತಿರ ಬಂದು ಬಲೆಯ ಕಣ್ಣುಗಳಲ್ಲಿ ಮೂಗು ತೂರಿಸಿದವು. ಬಂಗಡೆ ಮಾತ್ರ ಅಷ್ಟನ್ನೂ ನೋಡಿ ಬುಸ್ಸೆಂದು ಹಲ್ಲು ಕಿರಿಯಿತು. ಅಲ್ಲಿ ಮರೆತವರು ಯಾರಾದರೂ ಇದ್ದರೆ ಅದು ಹೆತ್ತ ತಾಯಿಯೊಬ್ಬಳೇ.

ಸಮುದಾಯ ಭವನದಲ್ಲಿ ಡಾಕ್ಟರು ವಿನುತಾ ಹಸಿರು ಟೊಪ್ಪಿ ಹಾಕಿಕೊಂಡು ನಿಂತಿದ್ದರು. ಬಂಗಡೆಯ ಹೊಟ್ಟೆ ಮುಟ್ಟಿ ನೋಡಿ, ಎದೆಬಡಿತ ಕೇಳಿ, ತೊಡೆಗೆ ಸೂಜಿ ಚುಚ್ಚಿದರು. "ಹಿಡ್ಕೊಂಡಿರಿ ಅಮ್ಮ. ನಿಮ್ಮ ಕೈಯಲ್ಲೇ ನಿದ್ದೆ ಬರಲಿ" ಎಂದರು. ಮಾದೇವಿಯ ಕೈಯಲ್ಲೇ ಅದರ ಮೈ ಸ್ವಲ್ಪ ಸ್ವಲ್ಪವಾಗಿ ಸಡಿಲಾಯಿತು. ಕಣ್ಣು ಮಾತ್ರ ತೆರೆದೇ ಇತ್ತು. ಆ ತೆರೆದ ಕಣ್ಣಿನಲ್ಲಿ ತಾನಿಲ್ಲ ಎಂಬುದು ಅವಳಿಗೆ ಕಂಡಿತು.

"ಬೆಕ್ಕು ಹೀಗೇ, ಕಣ್ಣು ತೆರೆದೇ ಮಲಗ್ತದೆ. ಹೆದರಬೇಡಿ" ಎಂದು ಡಾಕ್ಟರು ಅದರ ಕಣ್ಣಿಗೆ ಮುಲಾಮು ಹಚ್ಚಿ ಒಳಗೆ ಕೊಂಡೊಯ್ದರು.

ಬಾಗಿಲು ಅರೆ ತೆರೆದಿತ್ತು. ನೋಡಬಾರದೆಂದುಕೊಂಡೇ ಮಾದೇವಿ ನೋಡಿದಳು. ಹೊಟ್ಟೆಯ ಮೇಲೆ ಬೋಳಿಸಿದ ಒಂದಂಗೈ ಜಾಗ, ಅದರಲ್ಲಿ ಒಂದು ಬೆರಳಗಲದ ಗೀರು, ಆ ಗೀರಿನೊಳಗೆ ಡಾಕ್ಟರ ಬೆರಳ ತುದಿ. ಎಷ್ಟು ಮೆಲ್ಲಗೆ, ಎಷ್ಟು ಖಚಿತವಾಗಿ ಆ ಕೈ ಆಡುತ್ತಿತ್ತೆಂದರೆ ಅವಳು ಹೆದರುವುದನ್ನೇ ಮರೆತಳು. ಸ್ವಲ್ಪ ಹೊತ್ತಿಗೆ ಡಾಕ್ಟರು ಸ್ಟೀಲಿನ ತಟ್ಟೆ ಓರೆ ಮಾಡಿ ತೋರಿಸಿದರು. "ಇಷ್ಟೇ ಅಮ್ಮ ಗರ್ಭಕೋಶ."

ತಟ್ಟೆಯಲ್ಲಿ ಬೆಂದ ಶಾವಿಗೆಯ ಎರಡು ಎಳೆಯಂಥದು ಬಿದ್ದಿತ್ತು. ಮಾದೇವಿ ಕಿಟಕಿಯಾಚೆ ನೋಡಿದಳು. ಜೆಟ್ಟಿ ತುಂಬ ಗೆರೆಯ ಬೆಕ್ಕುಗಳು ಮೈ ನೆಕ್ಕಿಕೊಳ್ಳುತ್ತಿದ್ದವು. ಮತ್ತೆ ತಟ್ಟೆ ನೋಡಿದಳು.

"ಅಷ್ಟೂ ಇದ್ರಲ್ಲೇ ಆದದ್ದಾ?"

"ಅಷ್ಟೂ ಇದರಲ್ಲೇ."

ಅವಳಿಗೇ ತಿಳಿಯದಂತೆ ಕೈ ಜೋಡಿಕೊಂಡಿತ್ತು. ಆ ಎರಡೆಳೆಗೆ ಮುಗಿದಳೋ, ಅದನ್ನು ಹುಡುಕಿ ತೆಗೆದ ಕೈಗೆ ಮುಗಿದಳೋ ಅವಳಿಗೂ ಗೊತ್ತಿಲ್ಲ. ಇಷ್ಟು ವರ್ಷ ಹೊಳೆಯ ಕೆಸರಿನಿಂದ ಚಿಪ್ಪು ಹೆಕ್ಕಿದವಳು, ಹೆಕ್ಕಿದಷ್ಟೂ ಅಲ್ಲಿ ಮತ್ತೆ ಹುಟ್ಟುವುದನ್ನು ಕಂಡವಳು. ಆದರೂ ಜೀವ ಹುಟ್ಟುವ ಜಾಗ ಇಷ್ಟು ಸಣ್ಣದೆಂದು, ಅದನ್ನು ಹೊತ್ತು ಈ ಪ್ರಾಣಿ ದಿನವೂ ತನ್ನ ಮುಂದೆ ಬಾಲ ಎತ್ತಿ ನಡೆಯುತ್ತಿತ್ತೆಂದು ಅವಳಿಗೆ ಹೊಳೆದಿರಲಿಲ್ಲ.

ಹೊಲಿಗೆ ಹಾಕಿದ ಮೇಲೆ ಬಂಗಡೆಯನ್ನು ಬಟ್ಟೆಯಲ್ಲಿ ಸುತ್ತಿ ಅವಳ ಮಡಿಲಿಗೆ ಕೊಟ್ಟರು. ಪಕ್ಕದವರ ಬೆಕ್ಕುಗಳು ಒಂದೊಂದಾಗಿ ತಲೆ ಎತ್ತಿದವು. ಬಂಗಡೆ ಎತ್ತಲಿಲ್ಲ. ಮಾದೇವಿ ಅದರ ಎದೆಯ ಮೇಲೆ ಬೆರಳಿಟ್ಟುಕೊಂಡು, ಪ್ರತಿಯೊಂದು ಉಸಿರಿಗೂ ತಾನೇ ಉಸಿರು ಹಿಡಿದು ಕೂತಳು. ದೇವಪ್ಪ ಎರಡು ಸಲ ದಾಟಿಸಿ ಬಂದು ಬಾಗಿಲಲ್ಲಿ ನಿಂತ. ಕೊನೆಗೆ ಬಂಗಡೆಯ ನಾಲಿಗೆ ಹೊರಬಂತು, ಕಿವಿ ಅಲುಗಿತು, ಖಾಲಿಯಾಗಿದ್ದ ಕಣ್ಣಿಗೆ ನೋಟ ಬಂತು. ಅದು ತೂರಾಡುವ ತಲೆಯನ್ನು ಎತ್ತಿ, ಚಿಪ್ಪಿನ ವಾಸನೆಯ ಆ ಅಂಗೈಗೆ ಹಣೆ ಒತ್ತಿ, ಅಲ್ಲೇ ಇಟ್ಟಿತು.

"ನನ್ನ ಗುರ್ತು ಸಿಕ್ತು" ಎಂದಳು ಮಾದೇವಿ. ಹೇಳುವಾಗ ಅವಳು ಅಳುತ್ತಿದ್ದಳು.

ದೇವಪ್ಪ ಹೋಗದೆ ಅಲ್ಲೇ ನಿಂತಿದ್ದ. ಟುವಾಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ. "ಡಾಕ್ಟ್ರೆ, ನಾಳಿಕೂ ಅದ್ಯಾ ಇದು? ಜೆಟ್ಟಿ ಮೇಲೆ ಕೆಲವು ಅದವೆ."

"ಈ ವಾರ ಪೂರ್ತಿ ಇದೆ. ಆದರೆ ಇದು ಸಾಕಿದ ಪ್ರಾಣಿಗಳಿಗೆ ಮಾತ್ರ" ಎಂದರು ವಿನುತಾ. "ಯಾರಾದರೂ ತಮ್ಮದು ಅಂತ ಒಪ್ಪಿಕೊಳ್ಳಬೇಕು. ಗಾಯ ಒಣಗುವವರೆಗೆ ಮನೆಯಲ್ಲಿಟ್ಟು ನೋಡಿಕೊಳ್ಳಬೇಕು. ಅವು ಯಾರ ಬೆಕ್ಕು?"

ಭವನದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಊರ ಚೀಲ ಹೊತ್ತವನೆಂದು ಅವನನ್ನು ಎಲ್ಲರೂ ಬಲ್ಲರು, ಚೀಲ ಕೊಟ್ಟವರೂ ಅಲ್ಲಿದ್ದರು. ಅವರು ಗೋಡೆ ನೋಡತೊಡಗಿದರು.

"ನಮ್ಮವೆ" ಎಂದ ದೇವಪ್ಪ. "ನಾನೇ ತಂದು ಬಿಟ್ಟದ್ದು. ಗೆರೆ ಇದ್ದದ್ದು, ಇಲ್ಲದ್ದು, ಎಲ್ಲಾ ನಮ್ಮವೆ."

ಮಾದೇವಿ ಗಂಡನನ್ನೇ ನೋಡಿದಳು. ಇಷ್ಟು ವರ್ಷ ಅನ್ನ ಬಡಿಸಿದ್ದು ಈ ಮನುಷ್ಯನಿಗೇನಾ ಎಂದು ಬೆರಗಾಯಿತು. ಎಲ್ಲವನ್ನೂ ತಂದರೆ ಎಲ್ಲಿ ಇಡುವುದು ಎಂದು ಅವಳು ಕೇಳಲಿಲ್ಲ. "ಹೊಲಿಗೆಗೆ ನೀರು ತಾಗ್ಬಾರ್ದಲ್ಲ ಡಾಕ್ಟ್ರೆ? ಬಲೆ ಇಡೂ ಕೋಣೆ ಬೆಚ್ಚಗದೆ, ಅಲ್ಲಿ ಹಾಕ್ತೆ" ಎಂದಳು.

ಸಂಜೆ ದೇವಪ್ಪ ಕರೆದಾಗ ಬಂದ ಎರಡು ಬೆಕ್ಕುಗಳನ್ನು ಶಿಬಿರದ ಕೆಲಸಕ್ಕೆ ಬಂದಿದ್ದ ರಂಜಿತಾ ಭವನದ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದಳು, ನಾಳೆಗೆ. ಮಾದೇವಿ ಬಂಗಡೆಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲಿ ಕೂತಳು. ಉಳಿದವು ಬಂದು ಜೆಟ್ಟಿಯ ಅಂಚಿನಲ್ಲಿ ಸಾಲು ಕೂತವು. ದೇವಪ್ಪ ಹಗ್ಗ ಬಿಚ್ಚಿದ. ಮೋಟಾರಿಗೆ ಕೈ ಹಾಕಿದವನು ಅದನ್ನು ಶುರು ಮಾಡದೆ, ಹಿಂದಿರುಗಿ, ದೋಣಿ ತುಂಬ ಜನ ಇದ್ದಾರೆಂಬುದನ್ನೂ ಲೆಕ್ಕಿಸದೆ ಅವುಗಳಿಗೆ ಹೇಳಿದ:

"ಸಲ್ಪ ತಡ್ಕಳಿ. ಎಲ್ಲರ್ನೂ ಕರ್ಕಂಡು ಹೋಗ್ತೆ."