ಕಾರಣವಿಲ್ಲದ ಎಮ್ಮೆ

ಕಟುಕನ ದೋಣಿ ದಡಕ್ಕೆ ಬಂದು ನಿಂತರೂ ವಬ್ರಿಯಾ ಎಮ್ಮೆಯ ಹಗ್ಗ ಬಿಡಲಿಲ್ಲ. ಜೌಗಿನ ನೀರು ಉಪ್ಪಾಗಿ ಜೊಂಡೆಲ್ಲ ಒಣಗಿದ ಮೇಲೆ ಮೇವನ್ನು ಕೊಂಡೇ ಹಾಕಬೇಕಿತ್ತು. ಶಹ್ಲಾ ಎಂಬ ಈ ಮುದಿ ಎಮ್ಮೆಯೋ, ಹಾಲು ಬತ್ತಿಸಿಕೊಂಡು ಕೂತಿತ್ತು. ಮಗ ಲಾಫ್ತಾ ಮಾರೋಣ ಎನ್ನುವುದರಲ್ಲಿ ತಪ್ಪೇನಿತ್ತು? ಏನೂ ಇರಲಿಲ್ಲ. ಅವಳಿಗೆ ಸಿಟ್ಟು ಬಂದಿದ್ದೇ ಅದಕ್ಕೆ.

"ಒಂದೇ ಒಂದು ಕಾರಣ ಹೇಳಮ್ಮ, ದೋಣಿ ವಾಪಸ್ ಕಳಿಸ್ತೀನಿ," ಎಂದ ಲಾಫ್ತಾ. "ಅಪ್ಪ ತಂದಿದ್ದು ಅಂತಾನಾ?"

"ನಿಮ್ಮಪ್ಪ ತಂದಿದ್ದು ಬಿಳಿ ಹಣೇದು. ಅದನ್ನ ಮಾರಿದಾಗ ನಾನು ಕಮಕ್ ಕಿಮಕ್ ಅಂದ್ನಾ?"

"ಜಾಸ್ತಿ ಹಾಲು ಕೊಡ್ತಿತ್ತು ಅಂತಾನಾ?"

"ಇದಾ? ಕರೆಯೋಕೆ ಕೂತ್ರೆ ಒದೀತಿತ್ತು, ಹಾಳಾದ್ದು!"

"ಮತ್ತೆ ಯಾಕೆ?"

ಏನೋ ಒಂದು ಸುಳ್ಳು ಹೊಸೆದಿದ್ದರೆ ಮುಗಿಯುತ್ತಿತ್ತು. ಆಮೇಲೆ ಎಮ್ಮೆಯ ಮುಖ ನೋಡುವುದು ಹೇಗೆ?

ಹಗ್ಗ ಎಳೆದುಕೊಂಡು ಸರಸರ ಹೋದವಳೇ ಊರ ಮುಖ್ಯಸ್ಥ ಶೇಖ್ ಖಯ್ಯೂನನ ಜೊಂಡಿನ ಅತಿಥಿಮನೆಗೆ ಎಮ್ಮೆಯನ್ನು ನುಗ್ಗಿಸಿ, ಕಂಬ ತಬ್ಬಿಕೊಂಡು ಕೂಗಿದಳು: "ನಾವಿಬ್ರೂ ನಿನ್ನ ಆಶ್ರಯಕ್ಕೆ ಬಂದಿದೀವಿ!"

ಕಾಫಿ ಕುಡಿಯುತ್ತಿದ್ದವರು ಗೊಳ್ಳೆಂದು ನಕ್ಕರು. ಶೇಖ ನಗಲಿಲ್ಲ. ಅಲ್ಲಿನ ಕಟ್ಟಳೆಯಂತೆ ಆ ಕಂಬ ಹಿಡಿದವನು ಕೊಲೆ ಮಾಡಿ ಬಂದಿದ್ದರೂ ಸರಿ, ಮೂರು ದಿನ ಅವನನ್ನು ಯಾಕೆ ಬಂದೆ ಎಂದು ಯಾರೂ ಕೇಳುವಂತಿಲ್ಲ, ಮುಟ್ಟುವಂತಿಲ್ಲ.

ಲಾಫ್ತಾ ಏದುಸಿರು ಬಿಡುತ್ತಾ ಓಡಿಬಂದ. "ಶೇಖ್ ಸಾಹೇಬ್ರೇ, ಅದು ಎಮ್ಮೆ ಕಣ್ರೀ!"

"ನನಗೇನು ಕಣ್ಣು ಕಾಣಲ್ವಾ? ಹೋಗು, ಅತಿಥಿಗೆ ನೀರು ತಗೊಂಡು ಬಾ."

ವಬ್ರಿಯಾ ಎಮ್ಮೆಯ ಪಕ್ಕದಲ್ಲೇ ಉಂಡಳು, ಅಲ್ಲೇ ಮಲಗಿದಳು. ಮೇವು, ನೀರು ಹೊರುವುದು ಲಾಫ್ತಾನ ತಲೆಗೆ ಬಂತು. ಮೊದಲ ದಿನ ಗೊಣಗಿಕೊಂಡೇ ಹೊತ್ತ. ಮರುದಿನ ಅದರ ಕಿವಿಗೆ ಕಚ್ಚಿದ್ದ ಉಣ್ಣೆಹುಳ ಕಿತ್ತ. ಮೂರನೆಯ ದಿನ ದೂರದ ಸಿಹಿನೀರಿನ ಕಡೆ ದೋಣಿ ಹುಟ್ಟು ಹಾಕಿ ಹೋಗಿ ಹಸಿ ಚಿಗುರು ತಂದ. ತಾ ಎಂದು ಯಾರೂ ಹೇಳಿರಲಿಲ್ಲ.

ಗಡುವು ಮುಗಿಯಿತು. ಕಟುಕ ಮತ್ತೆ ಬಂದ.

"ಈಗ ಕೇಳಬಹುದು. ಯಾಕಮ್ಮ?" ಎಂದ ಶೇಖ.

"ಆವತ್ತೂ ಗೊತ್ತಿರ್ಲಿಲ್ಲ, ಇವತ್ತೂ ಗೊತ್ತಿಲ್ಲ. ಕೊಡಲ್ಲ ಅಂದ್ರೆ ಕೊಡಲ್ಲ!"

ಕಟುಕ ಹಗ್ಗಕ್ಕೆ ಕೈ ಹಾಕಿದ. ಅವನ ಮಣಿಕಟ್ಟು ಹಿಡಿದವನು ಲಾಫ್ತಾ.

"ಇದೇನಯ್ಯಾ? ನೀನೇ ತಾನೆ ಕರೆಸಿದ್ದು! ಯಾಕೆ ಬೇಡ ಈಗ?"

"ಯಾಕೆ ಅಂತ ಮಾತ್ರ ಕೇಳ್ಬೇಡ ಮಾರಾಯ," ಎಂದ ಲಾಫ್ತಾ. "ದೋಣಿ ತಿರುಗಿಸು."

ಇಷ್ಟು ದಿನ ಒಂದು ಹನಿ ಕಣ್ಣೀರು ಹಾಕದ ವಬ್ರಿಯಾ ಆಗ ಎಮ್ಮೆಯ ಕೊರಳಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು.