ದಾಸವಾಳಕ್ಕೆ ಎಳೆದ ಗೆರೆ

ಕಾಸರಗೋಡಿನಲ್ಲಿ ಚಿತ್ರಪ್ರದರ್ಶನ ಏರ್ಪಡಿಸುತ್ತಿದ್ದ ಅಬ್ದುಲ್ ಹಮೀದ್ ಬಂದ್ಯೋಡಿಗೆ ಬಂದದ್ದು ಡ್ರಾಯಿಂಗ್ ಮಾಷ್ಟ್ರು ಕೃಷ್ಣಕುಮಾರರ ಒಂದು ಚಿತ್ರ ಆರಿಸಲಿಕ್ಕೆ. ಜಗಲಿಯಲ್ಲಿ ಸಾಲಾಗಿಟ್ಟ ಚಿತ್ರಗಳನ್ನೆಲ್ಲ ನೋಡಿ, ಚಹಾಕ್ಕೆಂದು ಒಳಗೆ ಬಂದವರು ಊಟದ ಮೇಜಿಗೆ ಒರಗಿಸಿದ್ದ ಕ್ಯಾನ್ವಾಸಿನ ಎದುರು ನಿಂತುಬಿಟ್ಟರು. ಹಿತ್ತಾಳೆ ಚೆಂಬಿನಲ್ಲಿ ದಾಸವಾಳ, ಕೇಪುಳ. ಹೂಗಳಿಗೆ ಅಂಚೇ ಇರಲಿಲ್ಲ. ಕೆಂಪಿನ ಮೇಲೆ ಗುಲಾಬಿ, ಅದರ ಮೇಲೆ ತೆಳ್ಳಗೆ ಬಿಳಿ. ಅಡಿಯ ಬಣ್ಣ ಅಲ್ಲಲ್ಲಿ ಇಣುಕುತ್ತಿತ್ತು.

"ಇದು ಯಾರದ್ದು?"

"ನನ್ನ ಹೆಂಡತಿದು. ಸುಮ್ಮನೆ ಗೀಚುತ್ತಾಳೆ."

"ಇದು ನನಗೆ ಬೇಕು ಮಾಷ್ಟ್ರೇ. ನಿಮ್ಮದೂ ಒಂದು ಕೊಡಿ."

ಆ 'ನಿಮ್ಮದೂ' ಕೃಷ್ಣಕುಮಾರರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಹೆಂಡತಿ ಸತ್ಯವತಿಗೆ ಕುಂಚ ಹಿಡಿಯಲು ಕಲಿಸಿದವರೇ ಅವರು. ಮುಗಿಯಲಾದ ಟ್ಯೂಬುಗಳನ್ನು ಕೊಟ್ಟು "ಹೊತ್ತು ಹೋಗಲಿ" ಎಂದಿದ್ದರು.

ಮರುದಿನ ಅವಳು ಬಾಯಾರಿನ ತಂಗಿಯ ಮನೆಗೆ ಹೋದಾಗ ಅವರು ಸಣ್ಣ ಕುಂಚ ತೆಗೆದು ಒಂದೊಂದು ಎಸಳಿಗೂ ಕಡುಕಂದು ಗೆರೆ ಎಳೆದರು. ತಿದ್ದುತ್ತಿದ್ದೇನೆ ಎಂದೇ ಅಂದುಕೊಂಡರು. ಮುಗಿಸಿ ನೋಡಿದರೆ, ಹೂಗಳು ಶಾಲೆಯ ಗೋಡೆಗೆ ಬರೆದ ಹೂಗಳಂತೆ ಬಿಗಿದು ಕೂತಿದ್ದವು. ಚಿತ್ರ ಕೆಟ್ಟಿತೆಂದು ಗೊತ್ತಾಯಿತು. ಎದೆ ಹಗುರವೂ ಆಯಿತು.

ಸಂಜೆ ಬಂದ ಸತ್ಯವತಿ ಚೀಲ ಇಳಿಸದೆ ನೋಡಿದಳು.

"ಎಂತ ಮಾಡಿದ್ದು ನೀವು ಇದಕ್ಕೆ?"

"ಅಂಚು ಇರಲಿಲ್ಲ. ಸರಿ ಮಾಡಿದೆ."

"ಅಂಚು ಬೇಕಿದ್ದರೆ ನಾನೇ ಎಳೀತಿದ್ದೆ. ನಿಮಗೆ ಹೊಟ್ಟೆಕಿಚ್ಚು ಉಂಟು. ಬೇಡ ಅಂತ ಬಾಯಿಬಿಟ್ಟು ಹೇಳಿದ್ದರೆ ನಾನು ಕಳಿಸ್ತಿರಲಿಲ್ಲ. ಈಗ ಕಳಿಸ್ತೇನೆ."

ಬೆಳಿಗ್ಗೆ ಅವಳು ಅಂಗಳದಿಂದ ಹೂ ಕೊಯ್ದು ತಂದಳು. ಅವರು ತಮಗೆಂದು ಬಿಗಿದಿಟ್ಟ ಹೊಸ ಕ್ಯಾನ್ವಾಸನ್ನು ಕೇಳದೆ ತೆಗೆದುಕೊಂಡಳು. ಅವರು ಬಾಗಿಲ ಬಳಿ ನಿಂತು ನೋಡಿದರು. ಅಗಲ ಕುಂಚದಲ್ಲಿ ಬಳಿದು, ಬಟ್ಟೆಯಿಂದ ಅರ್ಧ ಒರೆಸಿ, ಅದು ಆರುವ ಮೊದಲೇ ಮೇಲೊಂದು ಬಣ್ಣ. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ತಾವಂತೂ ಅಲ್ಲ. ಕಿಚ್ಚು ಇನ್ನಷ್ಟು ಉರಿಯಿತು.

ಪ್ರದರ್ಶನದ ಮೊದಲ ದಿನ ಶಾಲೆಯ ನೆಪ ಹೇಳಿ ತಪ್ಪಿಸಿಕೊಂಡರು. ಕೊನೆಯ ದಿನ ಒಬ್ಬರೇ ಹೋದರು. ತಮ್ಮ ಚಿತ್ರದೆದುರು ಯಾರೂ ಇರಲಿಲ್ಲ. ಅವಳದ್ದರೆದುರು ಕಾಲೇಜು ಹುಡುಗಿಯರು ಗುಂಪಾಗಿದ್ದರು. ಹುಡುಗಿಯರು ಹೋಗುವವರೆಗೆ ಕಾದು, ಹತ್ತಿರ ಹೋಗಿ, ಬಹಳ ಹೊತ್ತು ನೋಡಿದರು.

ಆ ರಾತ್ರಿ ಊಟಕ್ಕೆ ಕೂತಾಗ ಸತ್ಯವತಿ ಕೇಳಿದಳು. "ಹೋಗಿದ್ರಾ?"

"ಹೋಗಿದ್ದೆ."

"ಹೇಗುಂಟು?"

ಅವರು ಅನ್ನ ಕಲಸಿದರು, ಉಂಡರು, ಕೈ ತೊಳೆದು ಬಂದರು.

"ನಿನ್ನದು ಚಂದ ಉಂಟು," ಎಂದರು.