ಮಿಸ್ಸಿನ ಅರ್ಧ ಮುಖ

"ಸಾಕು ಬಿಡಿ ಭಾವ, ಆ ಗಾಜು ಸವೆದು ಹೋಗುತ್ತೆ," ಎಂದು ನಾದಿನಿ ಫೋಟೊ ಒರೆಸುತ್ತಲೇ ಇದ್ದ ದರ್ಜಿಯ ಕೈಯಿಂದ ಬಟ್ಟೆ ಕಿತ್ತುಕೊಂಡಳು. ಫೋಟೊವನ್ನು ಮಾತ್ರ ಅವನು ಬಿಡಲಿಲ್ಲ.

"ಬೇರೆ ಫೋಟೊನೇ ಇರ್ಲಿಲ್ವಾ? ಸಾವಿನ ಮನೇಲಿ ಹಲ್ಲು ಬಿಟ್ಕೊಂಡಿರೋದು ಇಡ್ತಾರಾ? ಅಕ್ಕ ಎದ್ದು ಬಂದ್ರೆ ನಿಮ್ಮ ಗ್ರಹಚಾರ ಬಿಡಿಸ್ತಾಳೆ."

ಎದ್ದು ಬಂದು ಬಿಡಿಸಲಿ, ಅದಕ್ಕಿಂತ ಇನ್ನೇನು ಬೇಕಿತ್ತು ಅವನಿಗೆ! ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿವೆಯೆಂದು ಜೀವಮಾನವಿಡೀ ಬಾಯಿಗೆ ಅಂಗೈ ಅಡ್ಡ ಹಿಡಿದೇ ನಕ್ಕವಳು ಅವನ ಹೆಂಡತಿ. ಮದುವೆಯ ದಿನವೂ ಹಾಗೇ. ಅವಳ ಎರಡೂ ಕೈಯಲ್ಲಿ ಒಗೆದ ಬಟ್ಟೆಯ ರಾಶಿ ಇದ್ದಾಗ ಕದ್ದು ತೆಗೆದದ್ದು ಈ ಒಂದು ಫೋಟೊ. ಅದನ್ನು, ನಡುಮನೆಯಲ್ಲಿ ಮಲಗಿಸಿದ್ದ ಅವಳ ತಲೆಯ ಹತ್ತಿರದ ಸ್ಟೂಲಿನ ಮೇಲಿಟ್ಟ.

ಹೊರಗೆ ಚಳಿಯಲ್ಲಿ ನಿಂತಿದ್ದ ಹೆಣದ ಗಾಡಿಯವನು ಹಾರನ್ ಒತ್ತಿದ.

"ಬರೋರೆಲ್ಲ ಬಂದಾಯ್ತಲ್ಲ. ಇನ್ಯಾರಿಗೆ ಕಾಯ್ತಿದೀರಿ?" ಎಂದಳು ನಾದಿನಿ.

"ಸ್ಕೂಲ್ ಮಕ್ಕಳು. ಅವಳು ಪಾಠ ಮಾಡಿದ ಕೊನೇ ಕ್ಲಾಸು. ಹೆಡ್‌ಮೇಷ್ಟ್ರು ಕರ್ಕೊಂಡು ಬರ್ತೀನಿ ಅಂದಿದಾರೆ."

"ಅವು ಆಗ ಒಂದನೇ ಕ್ಲಾಸು ಭಾವ. ಅಕ್ಕನ ಮುಖ ನೆನಪಿರುತ್ತಾ?"

ಅದೇ ಭಯ ಅವನನ್ನೂ ಬೆಳಗಿನಿಂದ ತಿನ್ನುತ್ತಿತ್ತು.

*

ಆ ಮಕ್ಕಳು ಒಂದನೇ ಕ್ಲಾಸಿನಲ್ಲಿದ್ದ ವರ್ಷ, ಸೋಂಕಿನ ನಡುವೆಯೇ ಶಾಲೆ ಮತ್ತೆ ತೆರೆದಿತ್ತು. ಗೇಟಿನಲ್ಲಿ ಹಣೆಗೆ ಜ್ವರ ನೋಡುವ ಯಂತ್ರ, ಬೆಂಚಿಗೊಂದು ಮಗು, ಚಳಿಯಿದ್ದರೂ ಕಿಟಕಿಗಳೆಲ್ಲ ತೆರೆದೇ. ಊಟದ ಡಬ್ಬಿ ಬಿಚ್ಚಿದರೆ ಎಲ್ಲರೂ ಗೋಡೆಗೆ ಮುಖ ಮಾಡಬೇಕು, ಪಿಟಕ್ಕೆನ್ನಬಾರದು. ಮಿಸ್ಸಿನ ಮೂಗು ಬಾಯಿಗೆ ಮಾಸ್ಕು.

"ಅಂತೂ ನನ್ನ ಕೈಗೆ ರಜ ಸಿಕ್ತು ನೋಡಿ," ಎಂದು ಮೊದಲ ದಿನ ಅವಳಿಗೆ ಖುಷಿಯೋ ಖುಷಿ. ಆ ಖುಷಿ ಇಳಿಯಲು ಬಹಳ ದಿನ ಬೇಕಾಗಲಿಲ್ಲ.

"ರೀ, ತುಟಿ ಕಾಣದೆ ಅವು ಅಕ್ಷರ ಹೇಗೆ ಕಲೀತವೆ? ನಾನು ನಕ್ಕರೂ ಒಂದೇ, ಗದರಿದ್ರೂ ಒಂದೇ. ಪಿಳಿಪಿಳಿ ನೋಡ್ತವೆ."

ದರ್ಜಿ ಮಷಿನ್ ಮುಂದೆ ಕೂತು, ಬಾಯಿಯ ಜಾಗಕ್ಕೆ ತೆಳು ಪ್ಲಾಸ್ಟಿಕ್ ಇಟ್ಟು ಮಾಸ್ಕ್ ಹೊಲಿದುಕೊಟ್ಟ. ಅದಕ್ಕೆ ಅವನಿಗೆ ಜಂಬ ಬೇರೆ! ಅರ್ಧ ಪಾಠಕ್ಕೇ ಪ್ಲಾಸ್ಟಿಕ್ಕಿನ ತುಂಬ ಹಬೆ ಕಟ್ಟಿತು.

"ಮಿಸ್, ನಿಮ್ ಬಾಯಲ್ಲಿ ಏನೋ ಬೇಯ್ತಿದೆ!" ಎಂದು ಗುಬ್ಬಿ ಕೂಗಿದಳಂತೆ. ಮೊದಲ ಬೆಂಚಿನ ಆ ಹುಡುಗಿ ಕುಪ್ಪಳಿಸುತ್ತಲೇ ನಡೆಯುತ್ತಿದ್ದುದರಿಂದ ಮಿಸ್ಸೇ ಇಟ್ಟ ಹೆಸರದು. ಹೆಡ್‌ಮೇಷ್ಟ್ರು ಬಂದು, "ನಿಯಮದಲ್ಲಿ ಇಂಥದ್ದಿಲ್ಲ ಮೇಡಂ, ನಾಳೆಯಿಂದ ಬಟ್ಟೆಯದೇ ಇರಲಿ," ಎಂದರು. ಮಾಸ್ಕ್ ತೆಗೆಯಬಹುದೆಂಬ ಆದೇಶ ಬರುವಷ್ಟರಲ್ಲಿ ಅವಳಿಗೆ ನಿವೃತ್ತಿಯಾಗಿತ್ತು.

ಆಮೇಲೊಂದು ಸಂಜೆ ತರಕಾರಿ ಚೀಲ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಗುಬ್ಬಿ ಸಿಕ್ಕಿದ್ಲು ರೀ. ನಡಿಗೆಯಲ್ಲೇ ಗೊತ್ತಾಯ್ತು. ನನ್ನ ಪಕ್ಕದಲ್ಲೇ ಹೋದ್ಲು, ಗುರುತೇ ಹಿಡೀಲಿಲ್ಲ."

"ಕರೀಬಾರದಿತ್ತಾ?"

"ಕರೆದು, ನೀವ್ಯಾರು ಅಂದುಬಿಟ್ಟಿದ್ರೆ?" ಚೀಲ ಕೆಳಗಿಟ್ಟಳು. "ಒಂದು ಸಲ ಆ ಮಕ್ಕಳೆದುರು ಬಾಯ್ತುಂಬ ನಗ್ಬೇಕಿತ್ತು ಕಣ್ರೀ. ಹಲ್ಲು ಹೇಗಾದ್ರೂ ಇರ್ಲಿ."

*

ಮಕ್ಕಳು ಬಂದರು. ಒಬ್ಬರ ಹಿಂದೊಬ್ಬರು ನಿಂತು ಆ ಮುಖವನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೆ ಗೊತ್ತಿದ್ದದ್ದು ಕಣ್ಣುಗಳು ಮಾತ್ರ. ಅವೇ ಈಗ ಮುಚ್ಚಿದ್ದವು.

"ಇವ್ರು ನಮ್ ಮಿಸ್ಸಾ?" ಒಬ್ಬ ಪಿಸುಗುಟ್ಟಿದ.

ದರ್ಜಿ ಸ್ಟೂಲಿನ ಮೇಲಿದ್ದ ಫೋಟೊವನ್ನು ಅವರ ಕಡೆ ತಿರುಗಿಸಿದ.

ಉದ್ದ ಜಡೆಯ ಹುಡುಗಿಯೊಬ್ಬಳು ಕುಪ್ಪಳಿಸುವಂತೆ ಎರಡು ಹೆಜ್ಜೆ ಹಾಕಿ ಸ್ಟೂಲಿನ ಹತ್ತಿರ ಬಂದಳು. ಫೋಟೊ ನೋಡಿದಳು, ತಲೆ ವಾಲಿಸಿ ಮತ್ತೆ ನೋಡಿದಳು. ಆಮೇಲೆ ಫೋಟೊದ ಮೂಗು ಬಾಯಿಯ ಮೇಲೆ ತನ್ನ ಅಂಗೈ ಅಡ್ಡವಿಟ್ಟಳು.

"ಹೂಂ ಕಣೋ, ನಮ್ ಮಿಸ್ಸೇ! ಕಣ್ಣು ನೋಡು."

ನಾದಿನಿ ಬಿಕ್ಕಿದಳು. ಅಕ್ಕನ ಅಂಗೈ ಇರುತ್ತಿದ್ದುದೂ ಅದೇ ಜಾಗದಲ್ಲಿ.

"ಕೈ ತೆಗಿ ಗುಬ್ಬಿ," ಎಂದ ದರ್ಜಿ. "ಪೂರ್ತಿ ನೋಡು."

ತನ್ನ ಹೆಸರು ಕೇಳಿ ಅವಳು ಬೆಚ್ಚಿ ತಿರುಗಿದಳು. ಆಮೇಲೆ ಕೈಯನ್ನು ಮೆಲ್ಲಗೆ ಇಳಿಸಿದಳು.

"ಅಯ್ಯೋ, ಮಿಸ್ ನಗೋದು ಹೀಗಾ!"

ಹೊರಗೆ ಮತ್ತೆ ಹಾರನ್ ಆಯಿತು. ಮಕ್ಕಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಸ್ಟೂಲಿನ ಸುತ್ತ ಬಗ್ಗಿದರು. ಅವರ ಉಸಿರಿಗೆ ಗಾಜಿನ ಮೇಲೆ ಹಬೆ ಕಟ್ಟಿತು. ದರ್ಜಿ ನಡುವೆ ಕೈ ತೂರಿಸಿ, ಅಂಗಿಯ ತೋಳಿನಿಂದ ಅದನ್ನು ಒರೆಸಿದ.